ಇಂಗ್ಲಿಷಿನಲ್ಲಿ ನನ್ನ ಮೊದಲ ತಕರಾರು

ಊರಿಗೆ ಮೊಬೈಲು ಬಂದ ಹೊಸತರಲ್ಲಿ, ಐವತ್ತು ದಾಟಿದ ಮೇಲೆ, ನಾನು ಬಸ್ರೂರಿನಿಂದ ಕುಂದಾಪುರಕ್ಕೆ ಇಂಗ್ಲಿಷಿನ ಸಂಜೆ ತರಗತಿಗೆ ಹೋಗುತ್ತಿದ್ದೆ. ಆರನೆಯ ತರಗತಿಗೇ ಶಾಲೆ ಬಿಡಿಸಿದ್ದರು. ಉಳಿದದ್ದನ್ನು ನಾನೇ ಓದಿ ಕಲಿತವಳು. ನಮ್ಮೂರಿನ ಬಗ್ಗೆ ಹೊರಗಿನವರು ಇಂಗ್ಲಿಷಿನಲ್ಲಿ ಬರೆದದ್ದನ್ನು ಸ್ವತಃ ಓದಿ ನೋಡದೆ ನಂಬಬಾರದೆಂಬ ಹಟ ನನ್ನದು. ಎರಡನೆಯ ಹಂತದ ಕೊನೆಗೆ, ಒಂದು ಪಾಠವನ್ನು ಇಂಗ್ಲಿಷಿನಲ್ಲಿ ನಮ್ಮದೇ ಮಾತುಗಳಲ್ಲಿ ಹೇಳಿದವರಿಗೆ ಮಾತ್ರ ಮೂರನೆಯದಕ್ಕೆ ಪ್ರವೇಶ.

ನನ್ನ ಪಾಲಿಗೆ ಬಂದದ್ದು ಒಂದೇ ಬಿರುಗಾಳಿಗೆ ಹಾಳಾದ ಬಂದರಿನ ಕಥೆ. ಹೇಳಿ ಮುಗಿಸಿದೆ. ಕೂರಬಹುದಿತ್ತು, ಕೂರದೆ, ಇದನ್ನು ನಾನು ನಂಬುವುದಿಲ್ಲ ಎಂದು ಇಂಗ್ಲಿಷಿನಲ್ಲೇ ಸೇರಿಸಿದೆ.

"ಅಮ್ಮ, ಕಥಿ ಹೇಳಿರೆ ಸಾಕ್. ಹೌದಾ ಸುಳ್ಳಾ ನಮ್ಗೆಂತಕೆ?" ಎಂದರು ಟೀಚರ್.

"ಹ್ವಾಯ್, ಅಮ್ಮ ಇಂಗ್ಲಿಷಂಗೇ ಗಲಾಟಿಗ್ ನಿಂತ್ರ್!" ಎಂದು ಹಿಂದಿನ ಬೆಂಚಿನ ಕಾಲೇಜು ಹುಡುಗಿ ನಕ್ಕಳು.

ನಾನು ಕನ್ನಡಕ್ಕೆ ಇಳಿಯಲಿಲ್ಲ. ನಮ್ಮೂರೂ ಒಮ್ಮೆ ಬಂದರಾಗಿತ್ತು. ಹೊಳೆ ಹೂಳು ತುಂಬಿ, ದೋಣಿಗಳು ಕಡಿಮೆಯಾಗಿ, ವ್ಯಾಪಾರಿಗಳು ಒಬ್ಬೊಬ್ಬರೇ ಹೋಗಿರಬೇಕು ಎಂದು ತಡವರಿಸುತ್ತ ವಾದಿಸಿದೆ. ಹೂಳಿಗೆ ಇಂಗ್ಲಿಷ್ ಪದ ತಿಳಿಯದೆ ನದಿಯ ಕೆಸರು ಎಂದೆ. ಟೀಚರ್ ಇಂಗ್ಲಿಷಿನಲ್ಲೇ ಎದುರುವಾದ ಹೂಡಿದರು. ನಾನೂ ಬಿಡಲಿಲ್ಲ.

ಕೊನೆಗೆ ಅವರು, "ನಾ ಒಪ್ಪುದಿಲ್ಲೆ. ಆದ್ರೂ ಮೂರನೇದಕ್ಕೆ ಬನ್ನಿ" ಎಂದರು.

ಇಂಗ್ಲಿಷಿನಲ್ಲಿ ಹೌದು ಎನ್ನಲು ನನಗೆ ಮೊದಲೇ ಬರುತ್ತಿತ್ತು. ಹಾಗಲ್ಲ ಎಂದು ಕಾರಣ ಕೊಟ್ಟು ಹೇಳಿದ್ದು ಅದೇ ಮೊದಲು. ಆ ಸಂಜೆ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಊರಿನವರೆಗೂ ತಲೆಯೆತ್ತಿ ನಿಂತೇ ಬಂದೆ.