ಬಂಡೆಯ ಮೇಲೆ ನಾನು ತಿರುಚಿದ ಮಾತು

ವೈನಿ, ಸಂತೋಷ ಸರ್ ಅಂದು ನಿಮ್ಮನ್ನು ಬೇಡ ಅನ್ನಲಿಲ್ಲ. ಬರುತ್ತೀರಾ ಎಂದು ಕೇಳಿದ್ದರು. ಬೇಡ ಅಂದವಳು ನಾನು — ಅವರಿಗೆ ಮರಾಠಿಯಲ್ಲಿ ಒಂದು ಸುಳ್ಳು, ನಿಮಗೆ ಕನ್ನಡದಲ್ಲಿ ಇನ್ನೊಂದು.

ಇಷ್ಟು ಬರೆಯುವಷ್ಟರಲ್ಲೇ ಭಯವಾಗುತ್ತಿದೆ. ಭಯವೊಂದೇ ಅಲ್ಲ, ಒಳಗೊಂದು ಸಂಭ್ರಮವೂ ಇದೆ. ಅದು ಯಾಕೆಂದು ಆಮೇಲೆ ಹೇಳುತ್ತೇನೆ.

ಅಣ್ಣನನ್ನು ಮದುವೆಯಾಗಿ ಗದಗಿನಿಂದ ಪುಣೆಯ ಪಕ್ಕದ ತಳೇಗಾಂವಿಗೆ ಬಂದಾಗ ನಿಮಗೆ ಮರಾಠಿ ಬರುತ್ತಿರಲಿಲ್ಲ. ಅಣ್ಣ ಕಾರ್ಖಾನೆಗೆ ಹೋದರೆ ನಿಮಗೂ ಪುಣೆಗೂ ನಡುವೆ ಇದ್ದವಳು ನಾನೊಬ್ಬಳೇ. ಮೊದಲು ತರಕಾರಿಯವಳು, ಆಮೇಲೆ ಸ್ಕೂಟರ್ ಜಾರಿ ನಿಮ್ಮ ಬೆನ್ನುಹುರಿಗೆ ಪೆಟ್ಟಾದಾಗ ಡಾಕ್ಟರು — ಎಲ್ಲರ ಮಾತೂ ನನ್ನ ಬಾಯಿಂದಲೇ ನಿಮ್ಮ ಕಿವಿಗೆ. ನೀವು ಗಾಲಿಕುರ್ಚಿಗೆ ಬಂದ ಮೇಲಂತೂ ಜನ ನಿಮ್ಮನ್ನು ಕೇಳಬೇಕಾದ್ದನ್ನು ನಿಮ್ಮೆದುರೇ ನನ್ನನ್ನು ಕೇಳತೊಡಗಿದರು. ನನಗದು ಹಿತವಾಗಿತ್ತು. ನಾದಿನಿ ಅಂದರೆ ಹೀಗಿರಬೇಕು ಎಂದು ನೆಂಟರೆಲ್ಲ ಹೊಗಳುವಾಗ ಉಬ್ಬಿಹೋಗುತ್ತಿದ್ದೆ.

ನಿಮಗೆ ಮತ್ತೆ ಕೂರಲು ಕಲಿಸಿದ ಪುನರ್ವಸತಿ ಕೇಂದ್ರಕ್ಕಾಗಿ ಹಣ ಕೂಡಿಸಲು ಲೋಣಾವಳೆಯ ಹತ್ತಿರದ ಕಣಿವೆಯನ್ನು ಹಗ್ಗದ ಮೇಲೆ ದಾಟುತ್ತೇನೆಂದು ಸಾರಿದ್ದೂ ನಾನೇ. ಈ ಬಂಡೆಯಿಂದ ಆ ಬಂಡೆಗೆ ಬಿಗಿದ ಹಗ್ಗ, ಹಗ್ಗದ ಮೇಲೆ ಓಡುವ ಗಾಲಿ, ಗಾಲಿಗೆ ತೂಗುವ ಪಟ್ಟಿಯಲ್ಲಿ ಕೂತ ನಾನು. ಮಗರಪಟ್ಟಾದ ನನ್ನ ಆಫೀಸಿನವರೆಲ್ಲ, ನೀನು ದಾಟು, ಹಣ ನಾವು ಕೊಡುತ್ತೇವೆ ಎಂದಿದ್ದರು. ಅಂಗಿಯ ಬೆನ್ನಿಗೆ ‘ವೈನಿಗಾಗಿ’ ಎಂದು ಅಚ್ಚು ಹಾಕಿಸಿದ್ದೆ. ಆ ಅಂಗಿ ನೆನಪಾದರೆ ಈಗ ನಾಚಿಕೆಯಾಗುತ್ತದೆ.

ಅಂದು ಬೆಳಿಗ್ಗೆ ನೀವೂ ಜೀಪಿನಲ್ಲಿ ಬಂದಿರಿ. ಬಂಡೆಯ ಹತ್ತಿರ ಜೀಪು ನಿಂತಾಗ ಯಾರ ಕೈಯನ್ನೂ ಹಿಡಿಯದೆ, ತೋಳಿನ ಬಲದಿಂದಲೇ ಸೀಟಿನಿಂದ ಕುರ್ಚಿಗೆ ಇಳಿದಿರಿ. ಹಗ್ಗ ಕಟ್ಟುತ್ತಿದ್ದ ಸಂತೋಷ ಸರ್ ಅದನ್ನು ನೋಡಿ ನೇರ ಬಂದವರು, ಎಲ್ಲರಂತೆ ನನ್ನನ್ನೇ ಕೇಳಿದರು: “ತಾಈನಾ ಪಣ್ ಜಾಯಚಂಯ ಕಾ?” ಅಕ್ಕನಿಗೂ ಹೋಗಬೇಕೆಂದಿದೆಯೇ ಎಂದು. ಇಬ್ಬರು ಕೂರುವ ಜೋಡಿ ಪಟ್ಟಿ ಇದೆ, ತಾನೇ ಜೊತೆಗೆ ಬರುತ್ತೇನೆ, ಗಾಲಿಕುರ್ಚಿಯವರೂ ಹೋಗಬಹುದೆಂದು ಕೇಂದ್ರದ ಡಾಕ್ಟರು ಮೊದಲೇ ಒಪ್ಪಿದ್ದಾರೆ ಎಂದರು.

ನನ್ನ ಕಣ್ಣ ಮುಂದೆ ಏನು ಬಂತು ಗೊತ್ತೇ — ನೀವು ದಾಟಿಬಿಟ್ಟರೆ ನನ್ನ ದಾಟುವಿಕೆಯನ್ನು ಯಾರು ನೋಡುತ್ತಾರೆ? ಅಷ್ಟೇ. ನಿಮ್ಮ ಮೇಲಿನ ಕಾಳಜಿ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. “ನಕೋ, ತ್ಯಾಂನಾ ಭೀತಿ ವಾಟತೇ,” ಅಂದೆ. ಬೇಡ, ಅವರಿಗೆ ಹೆದರಿಕೆ.

“ಏನಂದ್ರವಾ ಅವರು?” ಎಂದು ನೀವು ಕೇಳಿದಿರಿ. ಮುಖದಲ್ಲಿ ಎಂಥ ಆಸೆ —

“ನಿಮ್ಮಂಥಾರಿಗೆ ಆಗೂದಿಲ್ಲಂತ, ವೈನಿ.”

“ಹೌದೇನು… ಇರ್ಲಿ ಬಿಡು. ನೀ ಹೋಗಿ ಬಾ, ಸುಧಾ. ಕೆಳಗ ಏನೇನ್ ಕಾಣತದ, ಬಂದು ಹೇಳು.”

ಹೋದೆ. ಬಂಡೆಯಿಂದ ಕಾಲು ಬಿಟ್ಟ ಕ್ಷಣ ಕಣ್ಣು ಮುಚ್ಚಿಕೊಂಡೆ, ಮರುಕ್ಷಣವೇ ನಗು. ತಡೆಯಲಾಗದ ನಗು, ವೈನಿ! ಕಾಲಡಿಯಲ್ಲಿ ಮೋಡ, ಮೋಡದ ಕೆಳಗೆ ತೊರೆ, ಹದ್ದಿನ ಬೆನ್ನನ್ನು ಮೇಲಿನಿಂದ ನೋಡಿದೆ. ಮೈಯೆಲ್ಲ ಹಗುರ. ಆ ಖುಷಿ ಸುಳ್ಳಲ್ಲ, ಅದನ್ನು ಈಗಲೂ ಅಲ್ಲಗಳೆಯಲಾರೆ. ಮರಳಿ ಬಂದು ಎಲ್ಲವನ್ನೂ ಬಣ್ಣಿಸಿದೆ. ನೀವು ಮತ್ತೆ ಮತ್ತೆ ಕೇಳಿದಿರಿ. ಜನ ಹಾರ ಹಾಕಿದರು, ಕೇಂದ್ರಕ್ಕೆ ಹಣವೂ ಸೇರಿತು. ನಿಮ್ಮ ಕೈಗೆ ಬಂದ ತುತ್ತನ್ನು ನಾನು ತಿಂದು, ಅದರ ರುಚಿ ಹೇಗಿತ್ತೆಂದು ನಿಮಗೇ ಹೇಳಿದೆ.

ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ತಿಳಿಯಿತು. ಕೇಂದ್ರದವರು ಈಜಲು ಕರೆದಾಗ ನೀವು ನಕ್ಕು, “ನಮ್ಮಂಥಾರಿಗೆ ಆಗೂದಿಲ್ಲ ಬಿಡ್ರಿ,” ಅಂದಿರಿ. ಕೈಯಿಂದ ನಡೆಸುವ ಕಾರಿಗೂ ಅದೇ ಉತ್ತರ, ಗದಗಿಗೆ ಒಬ್ಬರೇ ರೈಲಿನಲ್ಲಿ ಹೋಗುವುದಕ್ಕೂ ಅದೇ. ಆ ಮಾತು ನಿಮ್ಮದಲ್ಲ, ವೈನಿ. ಯಾವ ಡಾಕ್ಟರೂ ಅದನ್ನು ಹೇಳಿರಲಿಲ್ಲ. ನಾನು ಬಂಡೆಯ ಮೇಲೆ ನಿಂತು ಹುಟ್ಟಿಸಿದ್ದು ಅದು, ಇಷ್ಟು ವರ್ಷ ನೀವು ನಂಬಿ ಹೊತ್ತುಕೊಂಡಿರಿ, ನಾನು ಕೇಳಿಯೂ ಸುಮ್ಮನಿದ್ದೆ.

ನಿನ್ನೆ ಸಂತೋಷ ಸರ್ ಫೋನು ಮಾಡಿದ್ದರು. ಕೇಂದ್ರಕ್ಕಾಗಿ ಮತ್ತೆ ಕಣಿವೆಗೆ ಹಗ್ಗ ಕಟ್ಟುತ್ತಾರಂತೆ. “ತಾಈಂಚೀ ಭೀತಿ ಗೇಲೀ ಕಾ?” ಎಂದು ಕೇಳಿದರು. ಅಕ್ಕನ ಹೆದರಿಕೆ ಹೋಯಿತೇ ಎಂದು — ಇಷ್ಟು ವರ್ಷ ಅವರ ಲೆಕ್ಕದಲ್ಲಿ ನೀವು ಪುಕ್ಕಲಿ. ನನಗೆ ತಡೆಯಲಾಗಲಿಲ್ಲ, ನಡೆದದ್ದನ್ನೆಲ್ಲ ಹೇಳಿದೆ. ಹಾಗಾದರೆ ಅವರನ್ನೇ ಕೇಳುತ್ತೇನೆ ಅಂದರು.

ನನ್ನ ಸಂಭ್ರಮ ಇದೇ. ಈಗ ನಿಮಗೆ ತರಕಾರಿಯವಳನ್ನೇ ಸೋಲಿಸುವ ಮರಾಠಿ ಬರುತ್ತದೆ. ನಡುವೆ ನಾನು ಬೇಕಿಲ್ಲ. ಬರುತ್ತೇನೆ ಅನ್ನಿ, ಬೇಡ ಅನ್ನಿ, ನನ್ನ ಮುಖ ನೋಡುವುದಿಲ್ಲ ಎಂದರೂ ಅನ್ನಿ — ಅದು ನಿಮ್ಮ ಬಾಯಿಂದಲೇ ಬರಲಿ. ನೀವು ಹೋಗುವುದಾದರೆ, ಅಂದು ನಿಮ್ಮ ಕುರ್ಚಿ ನಿಂತಿದ್ದ ಜಾಗದಲ್ಲಿ ನಾನು ನಿಂತಿರುತ್ತೇನೆ.

ನಾಳೆ ಬೆಳಿಗ್ಗೆ ಅವರ ಫೋನು ಬರುತ್ತದೆ. ಈ ಸಲ ನಿಮ್ಮ ನಂಬರನ್ನೇ ಕೊಟ್ಟಿದ್ದೇನೆ.