ಕಪ್ಪಾದ ಕರಡಿಗೆ

ಮೊನ್ನೆ ನನ್ನ ಮೊಮ್ಮಗಳಿಗೆ ಲಿಂಗ ಕಟ್ಟುವ ದಿನ, ಮುಂಜಾನೆ ಮಗಳು ದೀಪ ಹಚ್ಚಲು ಕಡ್ಡಿ ಗೀರಿದಳು. ಮನೆ ತುಂಬ ಮಂದಿ, ತೊಡೆಯ ಮೇಲೆ ಬೆಣ್ಣೆ ಮುದ್ದೆಯಂಥ ಕೂಸು. ನನ್ನ ಹಿಗ್ಗು ಎದೆಯಲ್ಲಿ ಹಿಡಿಸುತ್ತಿರಲಿಲ್ಲ. ಆದರೂ ಆ ಗಂಧಕದ ವಾಸನೆ ಮೂಗಿಗೆ ಬಡಿದದ್ದೇ ತಡ, ಕೂಸನ್ನು ಎದೆಗೆ ಅವಚಿಕೊಂಡೆ. ನಾನು ಮತ್ತೆ ಪಾರಿಶ್ವಾಡದ ಎಂಟು ವರ್ಷದ ಹುಡುಗಿಯಾಗಿಬಿಟ್ಟೆ.

ಆಯಿ, ಅಂದರೆ ಅಪ್ಪನ ತಾಯಿ, ಮೊಣಕಾಲು ನೋವಿನಿಂದ ನರಳುತ್ತಿದ್ದಳು. ಒಂದು ಚಳಿಗಾಲ ನಮ್ಮ ಕಾಕಾ, "ಯವ್ವಾ, ಘಟ್ಟದ ಕೆಳಗ ಬಿಸಿನೀರಿನ ಕುಂಡ ಐತಿ. ಎರಡ ದಿನ ಆರಾಮ ಕುಂತ ಬರೂಣು" ಎಂದ. "ಒಲಿ ಇಲ್ಲದ ನೀರ ಕಾಯತೈತೇನೋ? ನಿನ್ನ ಹೇಂತಿಗೆ ಹೇಳಬ್ಯಾಡ, ನಾಳಿಂದ ಒಲಿನ ಹಚ್ಚೂದಿಲ್ಲ" ಎಂದು ಆಯಿ ನಕ್ಕಳು. ಬೆಳಗಾವಿಯಲ್ಲಿ ಬಸ್ಸು ಬದಲಿಸಿ ಮೂವರೂ ಕೊಂಕಣಕ್ಕೆ ಇಳಿದೆವು. ಕಲ್ಲು ಕಟ್ಟಿದ ಕುಂಡದಿಂದ ಗೀರಿದ ಕಡ್ಡಿಯ ವಾಸನೆಯ ಹಬೆ ಏಳುತ್ತಿತ್ತು. ಹೆಂಗಸರ ಕಡೆ ಆಯಿ ಸೀರೆಯುಟ್ಟೇ ಕುತ್ತಿಗೆವರೆಗೆ ಇಳಿದು "ಶಿವಾ" ಎಂದು ಕಣ್ಣು ಮುಚ್ಚಿದಳು. ಲಿಂಗವಿದ್ದ ಬೆಳ್ಳಿಯ ಕರಡಿಗೆ ಎಂದಿನಂತೆ ಅವಳ ಎದೆಯ ಮೇಲೇ ಇತ್ತು. ಜೀವ ಇರುವತನಕ ಅದು ಮೈಬಿಟ್ಟು ಇಳಿಯುವಂತಿಲ್ಲ. ಅವಳ ಬಾಜು ನಿಂತಿದ್ದ ನಾನು ಪಾಚಿಯ ಮೇಲೆ ಜಾರಿ, ಸಿಕ್ಕದ್ದನ್ನು ಹಿಡಿದೆ. ಹಿಡಿದದ್ದು ಆ ಕರಡಿಗೆಯನ್ನೇ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದೆಂದು ಎಷ್ಟು ಸಲ ಹೇಳಿಸಿಕೊಂಡಿದ್ದೆನೋ! ಆಯಿ ಕಣ್ಣು ತೆರೆಯಲಿಲ್ಲ. ಗೊತ್ತಾಗಲಿಲ್ಲ ಎಂದುಕೊಂಡೆ.

ಮೇಲೆ ಬಂದಾಗ ಹಾಲಿನಂಥ ಬೆಳ್ಳಿ ಹಂಚಿನ ತಳದಂತೆ ಕರ್ರಗಾಗಿತ್ತು. ಆಯಿಯ ಮುಖ ಬಾಡಿತು. "ಶಿವ ಕರಿಯಾಕತ್ತಾನೋ ತಮ್ಮಾ. ಮನೀಗೆ ನಡಿ" ಎಂದು ಕಾಕಾನಿಗೆ ಹೇಳಿದಳು. ಬಸ್ಸಿನ ದಾರಿಯುದ್ದಕ್ಕೂ ಸೆರಗಿನೊಳಗೆ ಕರಡಿಗೆ ಹಿಡಿದು ಕೂತಿದ್ದಳು. ಅವಳು ಸಾಯುತ್ತಾಳೆ, ನನ್ನ ಕೈಯಿಂದಲೇ ಸಾಯುತ್ತಾಳೆ ಎಂದು ನಾನು ಅವಳ ಉಸಿರನ್ನೇ ನೋಡುತ್ತಿದ್ದೆ. ಅವಳು ಕಣ್ಣು ಮುಚ್ಚಿದಾಗಲೆಲ್ಲ ತೋಳು ಅಲ್ಲಾಡಿಸಿ ಎಬ್ಬಿಸಿದೆ.

ಕಾಕಾ ನಮ್ಮನ್ನು ಬೆಳಗಾವಿಯಲ್ಲಿ ಇಳಿಸಿ, ಖಾಸಬಾಗದ ಬೆಳ್ಳಿ ಕೆಲಸದ ಪತ್ತಾರನ ಅಂಗಡಿಗೆ ಕರೆದೊಯ್ದ. ಆತ ಆಯಿಯ ಕೊರಳನ್ನು ದೂರದಿಂದಲೇ ನೋಡಿ ನಕ್ಕ. "ಗಂಧಕದ ನೀರಿಗೆ ಬೆಳ್ಳಿ ಕಪ್ಪ ಆಗೂದರಿ, ಆಯಿ. ಶಿವಂದೇನೂ ತಕರಾರಿಲ್ಲ. ಈಬತ್ತಿ ಹಚ್ಚಿ ತಿಕ್ಕರಿ."

ಪಾರಿಶ್ವಾಡದ ಪಡಸಾಲೆಯಲ್ಲಿ ಕೂತು ಆಯಿ ಹಣೆಗಿಡುವ ವಿಭೂತಿಯನ್ನೇ ಹಚ್ಚಿ ತಿಕ್ಕಿದಳು. ಬಿಳುಪು ಚೂರುಚೂರೇ ಮರಳಿತು. ನಾನು ಬಿಕ್ಕುತ್ತ ಒಪ್ಪಿಕೊಂಡೆ: "ಆಯಿ, ನಾ ಮುಟ್ಟಿದ್ನಿ."

"ಗೊತ್ತೈತಿ ಬಿಡ, ಹುಚ್ಚಿ. ಬಿಡಿಸಿದ್ರ ಮುಳುಗತಿದ್ದಿ. ಹಿಡಕೊಳ್ಳಾಕ ಅಲ್ಲೇನ ಅದು ಇರೂದು?"

ಆಮೇಲೂ ಆಯಿ ಬಹಳ ವರ್ಷ ಇದ್ದಳು. ಹೋಗುವಾಗ ಲಿಂಗ ಅವಳ ಅಂಗೈಯಲ್ಲೇ ಸಮಾಧಿಗೆ ಹೋಯಿತು, ಕರಡಿಗೆ ನನಗೆ ಬಂತು. ಆ ಪಡಸಾಲೆ ಈಗಿಲ್ಲ, ಕಾಕಾನೂ ಇಲ್ಲ. ಮೊನ್ನೆ ತೊಡೆಯ ಮೇಲಿನ ಕೂಸು ಕೈ ಚಾಚಿ ನನ್ನ ಕೊರಳಿನ ಕರಡಿಗೆಯನ್ನು ಗಟ್ಟಿಯಾಗಿ ಹಿಡಿಯಿತು. "ಬಿಡಸ ಯವ್ವಾ, ಮುಟ್ಟಬಾರದು" ಎಂದಳು ಮಗಳು.

ನಾನು ಬಿಡಿಸಲಿಲ್ಲ.