ಚಂದ್ರನ ಪಾಲು

ರಾಜಾಜಿನಗರ ಬಡಾವಣೆಗೆ ಹೊಲ ಕಳೆದುಕೊಂಡ ಅಣ್ಣತಮ್ಮಂದಿರು ನಮ್ಮ ಎದುರುಮನೆಯಲ್ಲಿದ್ದರು. ರಷ್ಯದವರು ಉಪಗ್ರಹ ಹಾರಿಸಿದ ಸುದ್ದಿ ಬಂದ ಸಂಜೆ ಅಣ್ಣ ಜಗಲಿಯಲ್ಲಿ ಕೂತು ನಕ್ಕ.

“ಇನ್ಮೇಲೆ ಚಂದ್ರನಲ್ಲೂ ಸೈಟು ಹಂಚ್ತಾರೆ. ಅದು ನಂದು ಕಣೋ, ಹಿರೀಮಗ ನಾನು.”

“ಹಿರಿಯೋನು ಪಾಲು ಹಾಕ್ಬೇಕು, ಕಿರಿಯೋನು ಆರಿಸ್ಕೋಬೇಕು,” ಎಂದ ಗುದ್ದಲಿ ಹಿಡಿದು ಅಂಗಳದಲ್ಲಿ ನಿಂತಿದ್ದ ತಮ್ಮ. “ ಹೊಲದಲ್ಲಿ ಬಾವಿ ಇದ್ದ ಪಾಲು ನುಂಗ್ದಂಗೆ ಇದನ್ನೂ ನುಂಗ್ಬೇಡ.”

“ನುಂಗ್ದೆ. ಏನೀಗ?”

ತಮ್ಮ ಗುದ್ದಲಿಯ ಕಾವಿನಿಂದ ಅವನ ಬಾಯಿಗೆ ಹೊಡೆದ. ಹಲ್ಲುಗಳು ಉದುರಿದವು. ಅಣ್ಣ ಎದ್ದು ತಮ್ಮನ ತಲೆಯನ್ನು ಕಲ್ಲುಕಂಬಕ್ಕೆ ಮತ್ತೆ ಮತ್ತೆ ಅಪ್ಪಳಿಸಿದ. ಆಗ ಆಕಾಶದಲ್ಲಿ ಚಂದ್ರನಿದ್ದನೆಂದು ನನ್ನ ನೆನಪು; ನಾನೇ ಆಮೇಲೆ ಸೇರಿಸಿಕೊಂಡಿರಲೂಬಹುದು. ತಮ್ಮನ ಒಂದು ಕಣ್ಣು ಹೋದದ್ದು ಮಾತ್ರ ನಿಜ.

ಅಣ್ಣ ಆಸ್ಪತ್ರೆಗೆ ಗಂಜಿ ಒಯ್ದಾಗ ತಮ್ಮ ಗೋಡೆಯತ್ತ ತಿರುಗಿ, “ಮೊದ್ಲು ತಪ್ಪಾಯ್ತು ಅನ್ನು” ಎಂದ.

ಅಣ್ಣ ಗಂಜಿಯನ್ನು ಅಲ್ಲೇ ಇಟ್ಟು ಹೊರಟುಹೋದ.